ಕಚೇರಿ ಸೀಸನ್ ಬಂತು, ಮಗಳನ್ನ ಕರಕೊಂಡು ಬರ್ರಿ ಅಕ್ಕಾರ

ಬೈಲಹೊಂಗಲದ ಅಕ್ಕಾರಿಗೆ ಶರಣು.

ನಿಮ್ಮ ಪತ್ರ ಓದಿ ಭಾಳ ಖುಷಿ ಆತು, ಮನಸಿನಾಗ ಇದ್ದದ್ದನ್ನ ಮುಚ್ಚುಮರಿ ಇಲ್ಲದ ಬರದೀರಿ. ಬ್ಯಾರೆ ಓದುಗರಿಗೂ ತಿಳೀಲಿ ಅಂತ ನಿಮ್ಮ ಮಾತು ಸಣ್ಣದಾಗಿ ಹೇಳತೀನಿ. ಮಳಿಗಾಲ ಮುಗೀತಂದ್ರ ನೀವು ಪತ್ರಿಕೆಯವರು ಸಂಗೀತ ಕಚೇರಿ, ಕಚೇರಿ ಅಂತ ಶುರು ಮಾಡ್ತೀರಿ, ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ ಎಲ್ಲಾರೂ ಯೂಟ್ಯೂಬ್‌ನಾಗ ಸಿಗ್ತಾರ, ಹಂಗಿದ್ದಾಗ ಬಸ್ ಹತ್ತಿ ಬೆಳಗಾವಿಗೆ ಬಂದು ಮೂರು ತಾಸು ಯಾಕ ಕುಂದರಬೇಕು, ನಮಗ ರಾಗ ಗೊತ್ತಾಗಂಗಿಲ್ಲ, ಮೊದಲ ಅರ್ಧ ತಾಸು ಬರೇ ಆ ಆ ಅಂತಾರ, ಆದ್ರ ಒಂಬತ್ತನೇತ್ತಾ ಓದೋ ಮಗಳು ಪೇಟಿ (ಹಾರ್ಮೋನಿಯಂ) ಕಲ್ಯಾಕ ಹತ್ಯಾಳ, ಈ ವರ್ಷ ಹೋಗೂಣು ಅಂತ ಹಟ ಹಿಡದಾಳ, ಏನ್ ಮಾಡೂಣ್ರಿ ಅಂತ ಕೇಳೀರಿ.

ಮಗಳ ಮಾತು ಕೇಳ್ರಿ. ಉತ್ತರ ಇಷ್ಟ ಐತಿ, ಮುಂದಿಂದೆಲ್ಲಾ ಯಾಕ ಅನ್ನೋದು.

ಯೂಟ್ಯೂಬ್ ಬ್ಯಾಡ ಅಂತ ನಾ ಹೇಳಂಗಿಲ್ರಿ. ನಮ್ಮ ಸುಳೇಭಾವಿಯೊಳಗ 1924ರಾಗ ಹುಟ್ಟಿದ ಕುಮಾರ ಗಂಧರ್ವರು ಸಣ್ಣ ಹುಡುಗ ಇದ್ದಾಗನ ದೊಡ್ಡ ದೊಡ್ಡ ಗವಾಯಿಗಳ ಗ್ರಾಮೋಫೋನ್ ಪ್ಲೇಟ್ ಕೇಳಿ ಇದ್ದದ್ದು ಇದ್ದಂಗ ಹಾಡಿ ತೋರಸ್ತಿದ್ರು. ಗದಗಿನ ಹುಡುಗ ಭೀಮಸೇನ, ಅಬ್ದುಲ್ ಕರೀಂ ಖಾನ್ ಸಾಹೇಬರ ಪ್ಲೇಟ್ ಕೇಳಿ 1933ರಾಗ ಮನಿ ಬಿಟ್ಟು ಓಡಿ ಹೋದ್ರು, ಉತ್ತರದ ಕಡೆ ಊರೂರು ತಿರುಗಿ ಕಡೀಕ ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಮುಂದ ಬಂದು ಕುಂತ್ರು. ಆಗಿನ ಪ್ಲೇಟಿನ ಒಂದು ಬಾಜೂ ಅಂದ್ರ ಮೂರು, ಮೂರೂವರಿ ನಿಮಿಷ ಅಷ್ಟ. ಅಷ್ಟು ಕೇಳಿದ ಹುಡುಗಗ ಮನ್ಯಾಗ ಕುಂದರಾಕ ಆಗಲಿಲ್ಲ, ಹಾಡೋ ಮನಿಶಾನ ಎದುರಿಗೆ ಕುಂದರಬೇಕು ಅನಿಸ್ತು. ನಿಮ್ಮ ಮಗಳಿಗೂ ಫೋನಿನಾಗ ಕೇಳಿ ಕೇಳಿ ಹಂಗ ಅನಿಸೇತಿ ಅಂತ ನನಗ ಕಾಣತೈತಿ.

ಬರೋದಾದ್ರ ಬೇಗ ಬರ್ರಿ. ಆರಕ್ಕ ಕಚೇರಿ ಅಂತ ಬರದಿದ್ರ ಐದೂವರಿಗೇ ಬಂದು ಮುಂದ ಜಾಗಾ ಹಿಡೀರಿ, ತಂಬೂರಿ ಹಚ್ಚೋದನ್ನ, ಅಂದ್ರ ಶ್ರುತಿ ಕೂಡಸೋದನ್ನ ನೋಡ್ರಿ. ನಾಕ ತಂತಿ ಇರತಾವ, ಮೊದಲಿಂದು ಪಂಚಮ (ಪ), ನಡುವಿನ ಎರಡೂ ಷಡ್ಜ (ಸ), ಕಡೀದು ಖರ್ಜದ, ಅಂದ್ರ ಕೆಳಗಿನ ದಪ್ಪ ದನಿಯ ಷಡ್ಜ. ಮಾಲಕಂಸ ರಾಗ ಹಾಡೋರಿದ್ರ ಆ ರಾಗದಾಗ ಪಂಚಮನ ಇಲ್ಲ, ಹಂಗಾಗಿ ಮೊದಲಿನ ತಂತಿ ಮಧ್ಯಮಕ್ಕ (ಮ) ಇಳಸ್ತಾರ, ಮಾರವಾ ರಾಗ ಇದ್ರ ನಿಷಾದಕ್ಕ (ನಿ) ಹಚ್ತಾರ, ಅಂದ್ರ ಬಾಯಿ ತೆರಿಯೋಕಿನ ಮೊದಲ ಇವತ್ತು ಏನ್ ಬರತೈತಿ ಅನ್ನೋ ಸುಳಿವು ಮುಂದ ಕುಂತವರಿಗೆ ಸಿಕ್ಕಿರತೈತಿ. ಕುದುರಿ ಅಂದ್ರ ತಂತಿ ಹಾದು ಹೋಗೋ ಸಣ್ಣ ಪಟ್ಟಿ, ಅದರ ಮ್ಯಾಲ ತಂತಿ ಬುಡಕ ಒಂದು ದಾರದ ಎಳಿ ಇರತೈತಿ ನೋಡ್ರಿ, ಅದನ್ನ ಬಟ್ಟಿನ ತುದೀಲೆ ಆ ಕಡೆ ಈ ಕಡೆ ಚೂರು ಚೂರು ಸರಸ್ತಾರ, ಒಂದು ಜಾಗಾಕ್ಕ ಬಂತಂದ್ರ ಅಷ್ಟೊತ್ತು ಮುದ್ದಿ ಆಗಿದ್ದ ತಂತಿ ಒಮ್ಮೆಲೇ ತೆರಕೊಂಡು ಹಾಲ್ ತುಂಬ ಗುಂಯ್ ಅಂತ ನಿಲ್ಲತೈತಿ. ಜವಾರಿ ಕೂಡಿತು ಅಂತಾರ ಅದಕ್ಕ. ಎಂಥಾ ಹೆಡ್‌ಫೋನ್ ಹಾಕ್ಕೊಂಡ್ರೂ ಆ ಗಳಿಗಿ ನಿಮಗ ಸಿಗಂಗಿಲ್ಲ, ಯಾಕಂದ್ರ ರೆಕಾರ್ಡಿಂಗ್ ಶುರು ಆಗೋದು ಅದಾದ ಮ್ಯಾಲ.

ನಮ್ಮ ಕಡೆ ಕಾಣೋ ತಂಬೂರಿ ಭಾಳಷ್ಟು ಮೀರಜದ್ದು. ಮೊದಲ ಹತಾರ ಮಾಡೋ ಕೆಲಸದಾಗಿದ್ದ ಶಿಕಲಗಾರ ಮನೆತನದವರು 19ನೇ ಶತಮಾನದಾಗ ತಂಬೂರಿ, ಸಿತಾರ ಮಾಡಾಕ ಕುಂತ್ರು, ಅಲ್ಲಿನ ಸಿತಾರ-ತಂಬೂರಿಗೆ 2024ರಾಗ ಜಿಐ ಟ್ಯಾಗ್ (ಈ ಊರಿನದ ಮಾಲು ಅನ್ನೋ ಸರ್ಕಾರಿ ಗುರುತು) ಸಿಕ್ಕೇತಿ. (ವಿಜಯಪುರದ ಎರಡನೇ ಇಬ್ರಾಹಿಂ ಆದಿಲಶಾಹ ತನ್ನ ತಂಬೂರಿಗೆ ಮೋತಿಖಾನ ಅಂತ ಹೆಸರ ಇಟ್ಟಿದ್ದ, ಮಗಳಿಗೆ ಹೇಳ್ರಿ, ತನ್ನ ಪೇಟಿಗೂ ಒಂದು ಹೆಸರ ಇಟ್ಟಗೋತಾಳ.)

ಇನ್ನ ಆ ಆ ಅನ್ನೋ ಮಾತು. ವಿಲಂಬಿತ (ಸಾವಕಾಶದ) ಏಕತಾಲ ಅಂದ್ರ ಒಂದು ಸುತ್ತಿಗೆ 12 ಮಾತ್ರೆ, ಅಂದ್ರ 12 ಎಣಿಕಿ, ಆದ್ರ ಎಷ್ಟ ಸಾವಕಾಶ ನಡೀತೈತಂದ್ರ ಒಂದು ಸುತ್ತು ಮುಗಿಯಾಕ ಸುಮಾರು ಒಂದು ನಿಮಿಷನ ಹಿಡೀತೈತಿ. ಆ ಒಂದು ನಿಮಿಷದಾಗ ಗವಾಯಿ ಎಲ್ಲೆಲ್ಲೋ ಹೋಗಿ ಬರ್ತಾನ, ಬಂದು ಸಮ್ ಮ್ಯಾಲ, ಅಂದ್ರ ಸುತ್ತಿನ ಮೊದಲಿನ ಎಣಿಕಿ ಮ್ಯಾಲ ಇಳೀಬೇಕು, ತಬಲಾದವನೂ ಅಲ್ಲೇ ಬಂದು ಕೂಡಬೇಕು. ರಾಗದ ಹೆಸರ ಗೊತ್ತಿಲ್ಲ ಅಂತ ಹೆದರಬ್ಯಾಡ್ರಿ, ಬಂದಿಶಿನ (ಹಾಡೋ ಪದದ) ಮೊದಲಿನ ಸಾಲು ಮನಸಿನಾಗ ಹಿಡಕೊಂಡು ಕುಂದರ್ರಿ, ಹತ್ತು ನಿಮಿಷದಾಗ ಸಮ್ ಎಲ್ಲಿ ಬರತೈತಿ ಅಂತ ನಿಮಗ ನೀವ ಕಾಯಾಕ ಹತ್ತೀರಿ, ಅದು ಬಂದಾಗ ಹಾಲಿನಾಗಿನ ಇನ್ನೂರು ತಲಿ ಒಮ್ಮೆ ಅಲ್ಲಾಡ್ತಾವ, ಅದ್ರಾಗ ನಿಮ್ಮದೂ ಒಂದು. ಗವಾಯಿಗೂ ಅದು ಕಾಣಸ್ತೈತ್ರಿ. ಯಾವ ಜಾಗಾದಾಗ ಮಂದಿ ವಾಹ್ ಅಂದ್ರು, ಯಾವ ಸ್ವರಕ್ಕ ಒಂದು ಅಜ್ಜ ಕಣ್ಣು ಮುಚ್ಚಿದ ಅನ್ನೋದನ್ನ ನೋಡಿ ಅದ ಸ್ವರದ ಮ್ಯಾಲ ಇನ್ನೊಂದು ಸುತ್ತು ನಿಲ್ತಾನ. ಕೇಳವರು ಬ್ಯಾರೆ ಇದ್ರ ಅವತ್ತಿನ ಹಾಡ ಬ್ಯಾರೆ ಆಗ್ತಿತ್ತು. ನಾ ನಿಮಗ ಬರ್ರಿ ಬರ್ರಿ ಅಂತ ಇಷ್ಟ ಒತ್ತಿ ಹೇಳೋದು ಇದಕ್ಕ, ನೀವು ಬಂದು ಕುಂತ್ರ ಕಚೇರಿ ಇನ್ನಷ್ಟು ಛಲೋ ಆಗತೈತಿ.

ಮಗಳನ್ನ ಪೇಟಿ ಇರೋ ಬಾಜೂಕ್ಕ ಕುಂದರಸ್ರಿ. ಸಾಥ್ ಮಾಡೋದು ಅಂದ್ರ ಗವಾಯಿ ಹಿಂದಿಂದ ಅರ್ಧ ಉಸಿರಿನಷ್ಟು ದೂರದಾಗ ನಡಿಯೋದು, ಅವರು ಉಸಿರು ತಗೊಂಡಾಗ ಜಾಗಾ ಖಾಲಿ ಬಿಡದಂಗ ತುಂಬೋದು, ಮತ್ತ ಅವರು ಬಾಯಿ ತೆರದ ಕೂಡಲೇ ಸರಿದು ದಾರಿ ಬಿಡೋದು. ಇದನ್ನ ಬಟ್ಟು ನೋಡಿ, ಮುಖ ನೋಡಿ ಕಲೀಬೇಕು. ನಮ್ಮ ಬೆಳಗಾವಿಯ ರಾಮಭಾವು ಬಿಜಾಪುರೆ ಅವರು (1917–2010) ಇದನ್ನ ಜೀವನಪೂರ್ತಿ ಮಾಡಿದ್ರು, ಅವರ ಶಿಷ್ಯರು ಇವತ್ತಿಗೂ ಕಚೇರಿಯೊಳಗ ಪೇಟಿ ನುಡಸ್ತಾರ. ಪೇಟಿಯೊಳಗ ಮೀಂಡ (ಒಂದು ಸ್ವರದಿಂದ ಇನ್ನೊಂದಕ್ಕ ಜಾರೋದು) ಬರಂಗಿಲ್ಲ ಅಂತ ಆಕಾಶವಾಣಿಯವರು 1940ರಾಗ ಅದನ್ನ ಹೊರಗ ಇಟ್ಟು 1970ರ ದಶಕದ ತನಕ ದೂರನ ಇಟ್ಟಿದ್ರು, ಅಂಥಾ ವಾದ್ಯಾನ ಕಚೇರಿಯೊಳಗ ಉಳಿಸಿದವರು ಇಂಥಾ ಸಾಥಿದಾರರು.

ಈ ಸಲ ನಾ ಎಲ್ಲಾಕ್ಕಿಂತ ಹೆಚ್ಚು ಕಾಯಾಕ ಹತ್ತಿದ್ದು ಮುಂಜಾನಿ ಬೈಠಕ್ಕಿಗೆ, ಅಂದ್ರ ನೆಲದ ಮ್ಯಾಲ ಕುಂತು ಕೇಳೋ ಸಣ್ಣ ಕಚೇರಿಗೆ. ಕಾರಣ ಐತಿ. ಹಿಂದಕ ಕುಂದಗೋಳದಾಗ, ಗದಗಿನ ಆಶ್ರಮದಾಗ ರಾತ್ರಿ ಪೂರ್ತಿ ಹಾಡು ನಡೀತಿತ್ತು, ಸಂಜಿಗೆ ಪೂರಿಯಾ ಧನಾಶ್ರೀ, ಊಟ ಆದ ಮ್ಯಾಲ ಬಾಗೇಶ್ರೀ, ನಡುರಾತ್ರಿ ದರ್ಬಾರಿ, ಕೋಳಿ ಕೂಗೋ ಹೊತ್ತಿಗೆ ಲಲಿತ, ಹಿಂಗ ಹೊತ್ತಿನ ಜೋಡಿ ರಾಗಾನೂ ಹೊಳ್ಳತಿದ್ದವು. 2000ದ ಶಬ್ದ ಮಾಲಿನ್ಯ ನಿಯಮ ಬಂದ ಮ್ಯಾಲ ರಾತ್ರಿ 10ರಿಂದ ಮುಂಜಾನಿ 6ರ ತನಕ ಬಯಲಾಗ ಮೈಕ್ ಹಚ್ಚಂಗಿಲ್ಲ. ನಿಯಮ ಸರಿ ಐತಿ, ಆಜೂಬಾಜೂ ಸಣ್ಣ ಕೂಸು, ಹಾಸಿಗಿ ಹಿಡದವರು ಇರತಾರ. ಆದ್ರ ಹಾಲ್‌ನಾಗೂ ಎಲ್ಲಾ ಕಚೇರಿ ಆರರಿಂದ ಒಂಬತ್ತರೊಳಗ ಮುಗಸೋ ರೂಢಿ ಬಿತ್ತು, ಹಂಗಾಗಿ ವರ್ಷಾನುಗಟ್ಲೆ ಸಂಜಿ-ರಾತ್ರಿ ರಾಗ ಯಮನ್, ಬಿಹಾಗ ಕೇಳಿದ್ದ ಕೇಳಾಕ ಹತ್ತೀವಿ, ಮುಂಜಾನಿ ರಾಗ ತೋಡಿ, ಜೌನಪುರಿ, ದೇಶಕಾರ ಎದುರಿಗೆ ಕುಂತು ಕೇಳದ ಎಷ್ಟೋ ಮಂದಿ ರಸಿಕರು ಅದಾರ. ಪುಣೆ, ಕೊಲ್ಹಾಪುರ ಕಡೆ ದೀಪಾವಳಿ ಪಹಾಟ ಅಂತ ನಸುಕಿನ್ಯಾಗ ಹಾಡಸ್ತಾರ, ಜನ ಮಿಂದು ಹೊಸ ಅರಿವಿ ಉಟ್ಟುಕೊಂಡು ಬಂದು ಕುಂದರತಾರ. ನಮ್ಮಲ್ಲೂ ಕೆಲವು ಗೆಳೆಯರು ರವಿವಾರ ಮುಂಜಾನಿ ಏಳಕ್ಕ, ಮೈಕ್ ಇಲ್ಲದ, ಜಮಖಾನಿ ಮ್ಯಾಲ ಕುಂತು ಕೇಳೋವಂಥಾ ಸಣ್ಣ ಬೈಠಕ್ ಇಡೂಣು ಅಂತ ಓಡಾಡಾಕ ಹತ್ಯಾರ. ಚಳಿಗಾಲಕ್ಕ ಹವಾ ಒಣದಿರತೈತಿ, ಮಳಿಗಾಲದಾಗಿನಂಗ ತಬಲಾದ ಚರ್ಮ ಪದೇ ಪದೇ ಸಡ್ಲ ಬಿಡಂಗಿಲ್ಲ, ಹೊರಗ ಇನ್ನೂ ಟ್ರಾಫಿಕ್ ಶುರು ಆಗಿರಂಗಿಲ್ಲ, ಅಂಥಾದ್ರಾಗ ತೋಡಿಯ ಕೋಮಲ ಗಾಂಧಾರ ಹೆಂಗ ಕೇಳಸಬಹುದು ಅಂತ ನೆನಸಿಕೊಂಡ್ರ ನನಗ ಈಗಿಂದನ ತಡಕೊಳ್ಳಾಕ ಆಗವಲ್ದು.

ಒಂದು ವಿನಂತಿ, ಕಡೀಗೆ, ಕಚೇರಿ ಮುಗಸೋ ರಾಗ ಭೈರವಿ ಶುರು ಆದಾಗ ಬಸ್ಸು ತಪ್ಪತೈತಿ ಅಂತ ಎದ್ದು ಹೋಗಬ್ಯಾಡ್ರಿ, ಬರೂ ಮೊದಲ ಬೈಲಹೊಂಗಲದ ಕಡೀ ಬಸ್ ಎಷ್ಟಕ್ಕ ಅಂತ ವಿಚಾರಿಸಿಕೊಂಡ ಬರ್ರಿ, ಇಲ್ಲಾ ಅವತ್ತು ಯಾರರ ಬಳಗದವರ ಮನ್ಯಾಗ ಉಳಕೊಳ್ರಿ. ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಜಿಲ್ಲಾದ ಕಚೇರಿ ಯಾದಿ ಮುಂದಿನ ಸಂಚಿಕೆಯೊಳಗ ಹಾಕ್ತೀವಿ. ನಿಮ್ಮ ತಾಲೂಕಿನ್ಯಾಗ ಮಠದಾಗೋ ಸಾಲ್ಯಾಗೋ ಹಾಡು ಇಟ್ಟಿದ್ರ ತಾರೀಖು, ಹೊತ್ತು ಬರದು ಕಳಸ್ರಿ, ಸಣ್ಣದಿದ್ರೂ ನಡೀತೈತಿ, ಅದನ್ನೂ ಸೇರಸ್ತೀವಿ.

ಸಂಪಾದಕ