ಕೇಳಿ, ಹೇಳ್ತೀನಿ: ಸಿಸಿಲಿ ಸುತ್ತೋದು ಹೇಗೆ?

ಪ್ರಶ್ನೆ: ಮಗ ಇಟಲಿಯ ಮಿಲಾನ್‌ನಲ್ಲಿ ಓದುತ್ತಿದ್ದಾನೆ. ಜೂನ್‌ನಲ್ಲಿ ನಾವಿಬ್ಬರೂ ಅವನನ್ನು ನೋಡಲು ಹೊರಟಿದ್ದೇವೆ. ಅಲ್ಲಿಂದ ಒಂದು ವಾರ ಸಿಸಿಲಿ ದ್ವೀಪ ಸುತ್ತುವ ಆಸೆ. ನಮಗೆ ಕಾರು ಓಡಿಸಲು ಬರುವುದಿಲ್ಲ, ಮಾಂಸ ಮೀನು ತಿನ್ನುವುದಿಲ್ಲ. ಬಸ್ಸು, ರೈಲಿನಲ್ಲೇ ಇಡೀ ದ್ವೀಪ ನೋಡಬಹುದೇ?
– ರೇಷ್ಮೆ ಬೆಳೆಗಾರರು, ಶಿಡ್ಲಘಟ್ಟ

ಉತ್ತರ: ಬಸ್ಸು, ರೈಲು ಧಾರಾಳವಾಗಿ ಸಾಕು. ಆದರೆ ಇಡೀ ದ್ವೀಪ ಬೇಡ. ಮೆಡಿಟರೇನಿಯನ್ ಸಮುದ್ರದಲ್ಲೇ ದೊಡ್ಡ ದ್ವೀಪ ಅದು. ನಮ್ಮ ಚಿಕ್ಕಬಳ್ಳಾಪುರದಂಥ ಆರು ಜಿಲ್ಲೆ ಸೇರಿಸಿದಷ್ಟು ದೊಡ್ಡದು. ಏಳು ದಿನದಲ್ಲಿ ಎಲ್ಲವನ್ನೂ ನೋಡಲು ಹೋದರೆ ಬರೀ ಪೆಟ್ಟಿಗೆ ಹೊರುವುದೇ ಆಗುತ್ತದೆ. ಪೂರ್ವದ ಕಡೆ ಮಾತ್ರ ಹಿಡಿಯಿರಿ. ನಾನೂ ನಮ್ಮ ಯಜಮಾನರೂ ಕತಾನಿಯಾ ಊರಿನಲ್ಲಿ ಒಂದೇ ರೂಮು ಮಾಡಿ, ದಿನಾ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುತ್ತಿದ್ದೆವು. ಸಿರಾಕೂಸಾ, ತಾವೊರ್ಮಿನಾ ಎರಡಕ್ಕೂ ಅಲ್ಲಿಂದ ರೈಲಿದೆ. ತಾವೊರ್ಮಿನಾ ಸ್ಟೇಷನ್ ಸಮುದ್ರದ ದಡದಲ್ಲಿದೆ, ಊರು ಬೆಟ್ಟದ ಮೇಲಿದೆ. ಹತ್ತಲು ಬಸ್ಸು ಸಿಗುತ್ತದೆ. ಕಾಗದದ ಟಿಕೆಟ್ ತಗೊಂಡರೆ, ರೈಲು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಮಷೀನಿನಲ್ಲಿ ಮುದ್ರೆ ಒತ್ತಿಸಿ. ಮರೆತರೆ ದಂಡ.

ಮಿಲಾನ್‌ನಿಂದ ಕತಾನಿಯಾಕ್ಕೆ ವಿಮಾನದಲ್ಲಿ ಎರಡು ಗಂಟೆಯೊಳಗೆ ಹೋಗಬಹುದು. ಹೋಗುವಾಗ ವಿಮಾನ ಬೇಡ ಅನ್ನುತ್ತೇನೆ ನಾನು. ಒಂದು ಸಲವಾದರೂ ರಾತ್ರಿ ರೈಲಿನಲ್ಲಿ ಹೋಗಿ. ದ್ವೀಪಕ್ಕೆ ಸೇತುವೆ ಇಲ್ಲ. ವಿಲ್ಲಾ ಸಾನ್ ಜಿಯೊವಾನ್ನಿ ಎಂಬಲ್ಲಿ ರೈಲಿನ ಬೋಗಿಗಳನ್ನು ಬಿಡಿಸಿ, ಹಡಗಿನ ಹೊಟ್ಟೆಯೊಳಗಿರುವ ಹಳಿಗಳ ಮೇಲೆ ತಳ್ಳುತ್ತಾರೆ. ಗಡಗಡ ಸದ್ದಿಗೆ ನನಗೆ ಎಚ್ಚರವಾಯಿತು. ಕಿಟಕಿಯಾಚೆ ಕಬ್ಬಿಣದ ಗೋಡೆ, ಎಣ್ಣೆ ವಾಸನೆ. ಬೋಗಿ ಇಳಿದು, ಮೆಟ್ಟಿಲು ಹತ್ತಿ ಮೇಲೆ ಬಂದರೆ ನಾಲ್ಕೂ ಕಡೆ ನೀರು. ಎದುರಿಗೆ ಮೆಸ್ಸೀನಾ ಊರು. ಜಲಸಂಧಿ ಕಿರಿದಾದ ಕಡೆ ಸುಮಾರು 3 ಕಿಲೋಮೀಟರ್ ಅಷ್ಟೇ. ಆ ಬೆಳಗಿನ ಜಾವವನ್ನು ನಾನು ಯಾವತ್ತೂ ಮರೆಯುವುದಿಲ್ಲ.

ನೀವು ಶಿಡ್ಲಘಟ್ಟದವರು, ಜೂನ್‌ನಲ್ಲಿ ಹೋಗುತ್ತಿದ್ದೀರಿ. ಹಾಗಾಗಿ ಇದನ್ನು ಹೇಳಲೇಬೇಕು. ಬೆಳಿಗ್ಗೆ ಅಲ್ಲಿನವರು ತಿನ್ನುವುದು ಗ್ರನೀತಾ, ಅಂದರೆ ಹಣ್ಣಿನ ರಸ ಹೆಪ್ಪುಗಟ್ಟಿಸಿದ ಪುಡಿ ಐಸು. ಅಂಗಡಿಯಲ್ಲಿ 'ಜೆಲ್ಸಿ' ಅಂತ ಕೇಳಿ. ಜೆಲ್ಸಿ ಅಂದರೆ ನಮ್ಮ ಹಿಪ್ಪುನೇರಳೆ ಹಣ್ಣು! ನಾವು ಸೊಪ್ಪಿಗಾಗಿ ಗಿಡ ಕತ್ತರಿಸುತ್ತೇವೆ, ಅಲ್ಲಿ ಹಣ್ಣಿಗಾಗಿ ಮರ ಬೆಳೆಸುತ್ತಾರೆ. ಲೋಟದ ತುಂಬ ಕಪ್ಪುಗೆಂಪು ಬಣ್ಣ. ಒಂದು ಚಮಚ ಬಾಯಿಗಿಟ್ಟೆ. ಚಿಕ್ಕವಳಿದ್ದಾಗ ತೋಟದಲ್ಲಿ ಹಣ್ಣು ಕಿತ್ತು ತಿಂದು, ಲಂಗಕ್ಕೆ ಕಲೆ ಮಾಡಿಕೊಂಡು ಅಮ್ಮನ ಹತ್ತಿರ ಬೈಸಿಕೊಂಡಿದ್ದು ನೆನಪಾಯಿತು. ಸಿಸಿಲಿಗೂ ರೇಷ್ಮೆಗೂ ಹಳೇ ನಂಟು. 1147ರಲ್ಲಿ ಅಲ್ಲಿನ ರಾಜ ಎರಡನೇ ರೋಜರ್‌ನ ಸೈನ್ಯ ಗ್ರೀಸಿನಿಂದ ರೇಷ್ಮೆ ನೇಯುವವರನ್ನು ಪಲೆರ್ಮೋಗೆ ಹಿಡಿದು ತಂದಿತ್ತು. ಗ್ರನೀತಾ ಜೊತೆ ಕೊಡುವ ಬನ್ನಿಗೆ ಮೊಟ್ಟೆ ಹಾಕಿರುತ್ತಾರೆ, ಬೇಡವಾದರೆ ಬಿಡಿ.

ಊಟಕ್ಕೆ ಯೋಚನೆ ಬೇಡ. ಬದನೆಕಾಯಿ, ಟೊಮೆಟೊ ಹಾಕಿದ 'ಪಾಸ್ತಾ ಅಲ್ಲಾ ನೊರ್ಮಾ' ಕತಾನಿಯಾದ್ದೇ ಅಡುಗೆ. ಅರಂಚೀನಿ ಎಂಬ ಕರಿದ ಅನ್ನದ ಉಂಡೆಯಲ್ಲಿ ಮಾತ್ರ ಜಾಸ್ತಿ ಮಾಂಸವೇ ಇರುತ್ತದೆ. 'ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಷೆ' ಅನ್ನಿ. ಮಾಂಸ ಬೇಡ, ಮೀನು ಬೇಡ ಅಂತ ಅರ್ಥ. ಎರಡನ್ನೂ ಹೇಳಿ, ಯಾಕೆಂದರೆ ಅಲ್ಲಿ ಮೀನನ್ನು ಮಾಂಸದ ಲೆಕ್ಕಕ್ಕೆ ಸೇರಿಸುವುದಿಲ್ಲ.

ಬಸ್ಸಿನ ವೇಳಾಪಟ್ಟಿಯಲ್ಲಿ ಎರಡು ಪದ ಕಲಿತುಕೊಳ್ಳಿ. 'ಫೆರಿಯಾಲೆ' ಅಂದರೆ ಸೋಮವಾರದಿಂದ ಶನಿವಾರ. 'ಫೆಸ್ತಿವೋ' ಅಂದರೆ ಭಾನುವಾರ ಮತ್ತು ಹಬ್ಬದ ದಿನ. ನಮಗೆ ಗೊತ್ತಿರಲಿಲ್ಲ. ಒಂದು ಭಾನುವಾರ ಬಿಸಿಲಲ್ಲಿ ಎರಡು ಗಂಟೆ ಸುಮ್ನೆ ಕಾದೆವು. ಕೊನೆಗೆ ಒಬ್ಬ ಅಜ್ಜಿ ಬಂದು, ಬೋರ್ಡಿನ 'ಫೆರಿಯಾಲೆ' ಪದದ ಮೇಲೆ ಬೆರಳಿಟ್ಟು ತೋರಿಸಿ ಕೈಯಾಡಿಸಿದರು. ಜೂನ್ 2 ಇಟಲಿಯ ಗಣರಾಜ್ಯ ದಿನ, ಅವತ್ತೂ ಭಾನುವಾರದ ಲೆಕ್ಕವೇ.

ಎಟ್ನಾ ಜ್ವಾಲಾಮುಖಿಗೆ ಕತಾನಿಯಾದಿಂದ ಬೆಳಿಗ್ಗೆ ಬಸ್ಸು ಹೋಗಿ ಸಂಜೆ ಬರುತ್ತದೆ. ಅದನ್ನು ತಪ್ಪಿಸಿಕೊಳ್ಳಬೇಡಿ. ನಂದಿ ಬೆಟ್ಟದ ತುದಿ 1,478 ಮೀಟರ್. ಅಲ್ಲಿ ಬಸ್ಸು ಇಳಿಸುವ ಜಾಗವೇ ಸುಮಾರು 1,900 ಮೀಟರ್ ಎತ್ತರದಲ್ಲಿದೆ. ಕೆಳಗೆ ಬೆವರು ಸುರಿಯುತ್ತಿದ್ದರೂ ಸ್ವೆಟರ್ ಇಟ್ಟುಕೊಳ್ಳಿ.

ಪ್ರಶ್ನೆ: ಸಿಸಿಲಿಗೆ ಬೇರೆ ವೀಸಾ ಬೇಕಾ?
– ಓದುಗರು, ಗೌರಿಬಿದನೂರು

ಉತ್ತರ: ಬೇಡ. ಅದು ಇಟಲಿಯದೇ ಭಾಗ, ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಸಾಕು. 30,000 ಯೂರೋ ಚಿಕಿತ್ಸಾ ವೆಚ್ಚಕ್ಕೆ ಆಗುವ ಪ್ರಯಾಣ ವಿಮೆ ಕಡ್ಡಾಯ. ಅರ್ಜಿಯನ್ನು ಆರು ತಿಂಗಳು ಮುಂಚೆಯೇ ಹಾಕಬಹುದು. ಕೊನೇ ಗಳಿಗೆವರೆಗೆ ಕಾಯಬೇಡಿ.

ಪ್ರಶ್ನೆ: ನಾನು ಹದಿನೈದು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಅಲ್ಲಿ ಬಾಡಿಗೆ ಕಾರು ತಗೊಳ್ಳಬಹುದಾ?
– ಓದುಗರು, ಚಿಂತಾಮಣಿ

ಉತ್ತರ: ಒಳನಾಡಿನ ಹಳ್ಳಿಗಳಿಗೆ ಹೋಗುವುದಾದರೆ ಖಂಡಿತ ತಗೊಳ್ಳಿ. ಹೊರಡುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಅಲ್ಲಿ ಬಲಗಡೆ ಓಡಿಸಬೇಕು. ಹಳೇ ಪೇಟೆಗಳ ಬಾಯಲ್ಲಿ 'ಝಡ್‌ಟಿಎಲ್' ಎಂಬ ಬೋರ್ಡು ಇರುತ್ತದೆ. ಅನುಮತಿ ಇಲ್ಲದೆ ಒಳಗೆ ಹೋದರೆ ಕ್ಯಾಮೆರಾ ಫೋಟೋ ಹಿಡಿಯುತ್ತದೆ, ದಂಡದ ಕಾಗದ ತಿಂಗಳುಗಳ ಮೇಲೆ ಮನೆಗೇ ಬರುತ್ತದೆ. ಕಾರನ್ನು ಹೊರಗೆ ನಿಲ್ಲಿಸಿ ನಡೆದು ಹೋಗಿ. ಸಿರಾಕೂಸಾದ ಹಳೇ ಪೇಟೆ ಒರ್ತೀಜಿಯಾದಲ್ಲಿ ಚರ್ಚಿನ ಗೋಡೆಯೊಳಗೇ ಗ್ರೀಕ್ ದೇವಸ್ಥಾನದ ಕಂಬಗಳು ನಿಂತಿವೆ. ಸುಮಾರು 2,500 ವರ್ಷ ಹಳೆಯವು. ಹತ್ತಿರ ಹೋಗಿ ಕೈಯಿಟ್ಟು ನೋಡಿ.