ಸ್ತನ ಕ್ಯಾನ್ಸರ್‌ಗೆ ಕೀಮೋ ಕೆಲಸ ಮಾಡುತ್ತಿದೆಯಾ ಅಂತ ಎಂಆರ್ ಸ್ಪೆಕ್ಟ್ರೋಸ್ಕೋಪಿಯಿಂದ ಬೇಗ ತಿಳಿಯುತ್ತದೆಯೇ?

ಕೆಲವರಲ್ಲಿ ತಿಳಿಯಬಹುದು. ಆದರೆ ಇದೊಂದನ್ನೇ ನಂಬಿ ಚಿಕಿತ್ಸೆ ಬದಲಿಸುವ ಮಟ್ಟಕ್ಕೆ ಇನ್ನೂ ಬಂದಿಲ್ಲ.

ಮಾಮೂಲಿ ಎಂಆರ್‌ಐ ಗಡ್ಡೆಯ ಆಕಾರ, ಅಳತೆ ತೋರಿಸುತ್ತದೆ. ಸ್ಪೆಕ್ಟ್ರೋಸ್ಕೋಪಿ ಅದೇ ಯಂತ್ರದಲ್ಲಿ ಗಡ್ಡೆಯೊಳಗಿನ ರಾಸಾಯನಿಕಗಳನ್ನು ಅಳೆಯುತ್ತದೆ. ತುಣುಕು ಕತ್ತರಿಸಿ ತೆಗೆಯಬೇಕಿಲ್ಲ. ಸಿಗುವುದು ಏರಿಳಿತದ ಒಂದು ಗೆರೆ. ಅದರಲ್ಲಿ ನೀರಿನದ್ದೊಂದು, ಕೊಬ್ಬಿನದ್ದೊಂದು ದೊಡ್ಡ ಶಿಖರ. ಅವುಗಳ ನಡುವೆ, 3.2 ಪಿಪಿಎಂ (ಗೆರೆಯ ಮೇಲಿನ ಜಾಗ ಹೇಳುವ ಅಳತೆ) ಹತ್ತಿರ, ಒಂದು ಪುಟ್ಟ ಉಬ್ಬು. ಅದೇ ಕೋಲೀನ್. ಜೀವಕೋಶದ ಪೊರೆ ಕಟ್ಟುವ ಕೆಲಸದಲ್ಲಿ ಬಳಕೆಯಾಗುವ ವಸ್ತು ಇದು. ಕೋಶಗಳು ಭರದಿಂದ ಬೆಳೆಯುವ ಗಡ್ಡೆಯಲ್ಲಿ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ.

ಔಷಧಿ ನಾಟಿದರೂ ಗಡ್ಡೆ ಕುಗ್ಗಿದ್ದು ಕಾಣಲು ವಾರಗಳು ಬೇಕು. ಕೋಲೀನ್ ಅದಕ್ಕೂ ಮೊದಲೇ ಇಳಿಯಬಹುದು. 2004ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡ 4 ಟೆಸ್ಲಾ ಕಾಂತಶಕ್ತಿಯ ಯಂತ್ರದಲ್ಲಿ, ಮೊದಲ ಡೋಸ್ ಆದ 24 ಗಂಟೆಯೊಳಗೇ ಈ ಬದಲಾವಣೆ ಕಂಡಿತು. ಫಲ ಕೊಡದ ಕೀಮೋವನ್ನು ತಿಂಗಳುಗಟ್ಟಲೆ ಸುಮ್ನೆ ಸಹಿಸುವುದು ತಪ್ಪುತ್ತದೆ, ಅಲ್ವಾ? ಅದಕ್ಕೇ ಅಷ್ಟು ಆಸೆ ಹುಟ್ಟಿತು.

ಆದರೆ ಅದು ಸಣ್ಣ ಅಧ್ಯಯನ. ಆಮೇಲೆ ಹಲವು ಕೇಂದ್ರಗಳು ಸೇರಿ ನಡೆಸಿದ ಎಸಿಆರ್‌ಐಎನ್ 6657 ಪ್ರಯೋಗದಲ್ಲಿ 119 ಮಂದಿ ಸೇರಿದ್ದರು. ವಿಶ್ಲೇಷಣೆಗೆ ದಕ್ಕಿದ್ದು 29 ಜನರ ಅಳತೆ ಮಾತ್ರ. ಅಷ್ಟು ಕಷ್ಟದ ಕೆಲಸ ಇದು. ಉಸಿರಾಡಿದರೆ ಎದೆ ಅಲುಗುತ್ತದೆ, ಪಕ್ಕದ ಕೊಬ್ಬು ಸಂಕೇತ ಕೆಡಿಸುತ್ತದೆ, ಬಯಾಪ್ಸಿ ವೇಳೆ ಇಟ್ಟ ಲೋಹದ ಕ್ಲಿಪ್ಪೂ ಅಡ್ಡಬರುತ್ತದೆ. ಗಡ್ಡೆ ತೀರಾ ಚಿಕ್ಕದಾದರೆ ಕೋಲೀನ್ ಉಬ್ಬು ಬೇಡದ ಸಂಕೇತಗಳ ಗದ್ದಲದಲ್ಲೇ ಮುಳುಗಿಹೋಗುತ್ತದೆ.