ಡೊಂಕಾಯಿತೆಂದು ಎಳೆದು ನೆಟ್ಟಗೆ ಮಾಡಲು ಹೋಗಬೇಡಿ

ಪ್ರಶ್ನೆ: ನನಗೆ 54 ವರ್ಷ. ಅಡಿಕೆ ತೋಟವಿದೆ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಐದು ತಿಂಗಳ ಹಿಂದೆ ಶಿಶ್ನದ ಮೇಲ್ಭಾಗದಲ್ಲಿ, ಚರ್ಮದ ಒಳಗೆ, ಅಡಿಕೆ ಚೂರಿನಂಥ ಗಟ್ಟಿ ಕೈಗೆ ಸಿಕ್ಕಿತು. ಈಗ ಉದ್ರೇಕವಾದಾಗ ಮೇಲಕ್ಕೆ ಬಾಗುತ್ತದೆ, ನೋವೂ ಇದೆ. ಯಾರೋ ಕೊಟ್ಟ ಎಣ್ಣೆ ತಿಕ್ಕಿ ನೆಟ್ಟಗೆ ಮಾಡಲು ನೋಡಿದೆ, ನೋವು ಹೆಚ್ಚಾಯಿತು. ಕ್ಯಾನ್ಸರ್ ಇರಬಹುದೇ? ಪೇಟೆಯ ಮೆಡಿಕಲ್ ಶಾಪಿನಲ್ಲಿ ಕೂರುವವನು ನನ್ನ ಭಾವನ ಮಗ. ಯಾರನ್ನು ಕೇಳಲಿ?
– ಹೆಸರು ಬೇಡ, ಶಿರಸಿ

ಉತ್ತರ: ಮೊದಲು ಆ ಎಣ್ಣೆ ನಿಲ್ಲಿಸಿ. ಬಗ್ಗಿಸಿ ನೆಟ್ಟಗೆ ಮಾಡುವ ಪ್ರಯತ್ನವನ್ನಂತೂ ಇವತ್ತೇ ಬಿಡಿ.

ನೀವು ಬರೆದಿರುವುದು ಪೆರೋನಿ ಕಾಯಿಲೆಯನ್ನು ಹೋಲುತ್ತದೆ. ಫ್ರಾನ್ಸಿನ ದೊರೆ 15ನೇ ಲೂಯಿಯ ಶಸ್ತ್ರವೈದ್ಯ ಪೆರೋನಿ 1743ರಲ್ಲೇ ಇದನ್ನು ವಿವರಿಸಿದ್ದ. ಇದು ಕ್ಯಾನ್ಸರ್ ಅಲ್ಲ, ಅಂಟುವುದಿಲ್ಲ, ಹರೆಯದ ಯಾವ ಅಭ್ಯಾಸದ ಫಲವೂ ಅಲ್ಲ. ಆದರೂ ಕೈಯಿಟ್ಟು ನೋಡದೆ ಯಾವ ಗಂಟಿನ ಬಗ್ಗೆಯೂ ತೀರ್ಪು ಕೊಡಲಾಗದು. ಚರ್ಮದ ಮೇಲೆ ಮಾಯದ ಹುಣ್ಣು, ರಕ್ತ ಕಂಡರೆ ಅದು ಬೇರೆಯದೇ ವಿಷಯ, ತಡಮಾಡದೆ ತೋರಿಸಬೇಕು.

ನಿಮ್ಮ ಹಿತ್ತಲಲ್ಲಿ ಹೀರೆಕಾಯಿ ಎಳಸಾಗಿರುವಾಗ ಒಂದು ಬದಿಗೆ ಪೆಟ್ಟಾದರೆ ಆ ಬದಿ ಹಿಗ್ಗುವುದಿಲ್ಲ, ಕಾಯಿ ಅತ್ತ ಡೊಂಕಾಗುತ್ತದೆ. ಇಲ್ಲಿಯೂ ಹಾಗೆಯೇ. ಶಿಶ್ನದೊಳಗೆ ರಕ್ತ ತುಂಬುವ ಕೊಳವೆಗಳನ್ನು ಸುತ್ತಿದ ಒಂದು ಗಟ್ಟಿ ಪೊರೆ ಇದೆ. ಸಂಭೋಗದ ವೇಳೆ ಗಮನಕ್ಕೂ ಬಾರದಂಥ ಸಣ್ಣ ಪೆಟ್ಟು ಬಿದ್ದು, ಅದು ಮಾಯುವಾಗ ಕಲೆ ಅತಿಯಾಗಿ ಕಟ್ಟಿಕೊಳ್ಳುತ್ತದೆ ಎಂಬುದು ಈಗಿನ ತಿಳಿವಳಿಕೆ. ಕಲೆಯ ಜಾಗ ಹಿಗ್ಗದು, ಉದ್ರೇಕವಾದಾಗ ಅತ್ತಲೇ ಬಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ಅಂಗೈಯ ನರ ಬಿಗಿದಂತಾಗಿ ಬೆರಳು ಮಡಚಿಕೊಂಡೇ ಇರುವವರಲ್ಲಿ ಇದು ಹೆಚ್ಚು. (ಬಿಗಿಯುವುದು ನರವಲ್ಲ, ಚರ್ಮದಡಿಯ ಪೊರೆ. ನಿಮ್ಮ ಅಂಗೈಯನ್ನೂ ಒಮ್ಮೆ ನೋಡಿಕೊಳ್ಳಿ.)

ನೋವಿದೆ, ಬಾಗು ಬದಲಾಗುತ್ತಿದೆ ಎಂದರೆ ಕಾಯಿಲೆ ಇನ್ನೂ ಹಸಿಯಾಗಿದೆ. ಈ ಹಂತ ಸಾಮಾನ್ಯವಾಗಿ ಒಂದು, ಒಂದೂವರೆ ವರ್ಷ. ನೋವು ಬಹುತೇಕರಿಗೆ ತಾನಾಗಿ ಇಳಿಯುತ್ತದೆ. ಬಾಗು ತಾನಾಗಿ ಸರಿಹೋಗುವುದು ಕೆಲವರಿಗೆ ಮಾತ್ರ. ನೋವಿಗೆ ಮಾತ್ರೆ ಇದೆ, ಆದರೆ ಸಕ್ಕರೆಯವರು ಮೂತ್ರಪಿಂಡದ ಪರೀಕ್ಷೆ ಮಾಡಿಸದೆ ನುಂಗಬಾರದು. ವಿಟಮಿನ್ ಇ ಬರೆದುಕೊಡುವವರು ಇಂದಿಗೂ ಇದ್ದಾರೆ. ಬಾಗು ಕಡಿಮೆಯಾಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿಲ್ಲ, ನಾನು ಬರೆಯುವುದಿಲ್ಲ.

ಪಡವಲಕಾಯಿ ನೆಟ್ಟಗೆ ಬೆಳೆಯಲೆಂದು ಕಲ್ಲು ಕಟ್ಟುತ್ತೀರಲ್ಲ, ಹೆಚ್ಚುಕಡಿಮೆ ಅದೇ ತತ್ವದ, ಮೆಲ್ಲಗೆ ಎಳೆದು ಹಿಡಿಯುವ ಸಾಧನವೂ ಉಂಟು. ತಿಂಗಳುಗಟ್ಟಲೆ, ದಿನಾ ಧರಿಸಬೇಕು. ವೈದ್ಯರು ಹೇಳಿದ ಅಳತೆಯದೇ ಆಗಬೇಕು; ದಯವಿಟ್ಟು ಮನೆಯಲ್ಲಿ ಕಲ್ಲಿನ ಪ್ರಯೋಗ ಬೇಡ. ಗಂಟಿಗೇ ಚುಚ್ಚುವ ವೆರಪಮಿಲ್‌ನಂಥ ಔಷಧಿಗಳಿವೆ, ಎಲ್ಲರಿಗೂ ಒಂದೇ ರೀತಿ ಫಲ ಕೊಡುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಅವಸರವಿಲ್ಲ. ಕಾಯಿಲೆ ಶುರುವಾಗಿ ವರ್ಷ ಕಳೆದು, ಕೊನೆಯ ಮೂರರಿಂದ ಆರು ತಿಂಗಳು ಬಾಗು ಬದಲಾಗದೆ ನಿಂತು, ಸಂಭೋಗಕ್ಕೆ ಅಡ್ಡಿಯಾಗುತ್ತಿದ್ದರೆ ಮಾತ್ರ. ಹೆಚ್ಚಾಗಿ ಮಾಡುವುದು ಬಾಗಿನ ಎದುರು ಬದಿಗೆ ನಿರಿಗೆ ಹಿಡಿದು ಹೊಲಿಯುವುದು. ನೆಟ್ಟಗಾಗುತ್ತದೆ, ಉದ್ದ ತುಸು ಕಡಿಮೆಯಾಗುತ್ತದೆ. ಮೊದಲೇ ಕೇಳಿ ತಿಳಿದುಕೊಳ್ಳಿ, ಆಮೇಲೆ ಬೇಸರಿಸುವವರನ್ನು ಕಂಡಿದ್ದೇನೆ. ಬಾಗು ತೀರಾ ಹೆಚ್ಚಿದ್ದರೆ ಕಲೆಯನ್ನು ಕತ್ತರಿಸಿ ತೇಪೆ ಹಾಕುತ್ತಾರೆ, ಅದರಲ್ಲಿ ನಿಮಿರುವ ಶಕ್ತಿ ಕುಂದುವ ಅಪಾಯ ಹೆಚ್ಚು.

ಎಂದಾದರೂ ಸಂಭೋಗದ ನಡುವೆ ‘ಟಕ್’ ಎಂದು ಸದ್ದಾಗಿ ಊದಿಕೊಂಡರೆ ಅದು ಪೆರೋನಿ ಅಲ್ಲ, ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು.

ಇನ್ನು ಯಾರನ್ನು ಕೇಳುವುದು? ಮೂತ್ರರೋಗ ತಜ್ಞರನ್ನು, ಅಂದರೆ ಯೂರಾಲಜಿಸ್ಟನ್ನು. ನಮ್ಮ ಜಿಲ್ಲೆಯವರಿಗೆ ತಜ್ಞರೆಂದರೆ ಹುಬ್ಬಳ್ಳಿಯೋ ಮಣಿಪಾಲವೋ ಎಂಬ ಸಂಕಟ ಹಳೆಯದು, ಆದರೆ ಈ ವಿಷಯದಲ್ಲಿ ಗುರುತಿನವರಿಲ್ಲದ ಊರೇ ನಿಮಗೆ ಹಗುರ. ಉದ್ರೇಕವಾದಾಗ ಮೇಲಿನಿಂದ, ಪಕ್ಕದಿಂದ ಒಂದೊಂದು ಫೋಟೊ ತೆಗೆದುಕೊಂಡು ಹೋಗಿ. ಬಾಗು ಎಷ್ಟಿದೆ ಎಂಬ ಅಂದಾಜು ಅದರಿಂದ ಸಿಗುತ್ತದೆ. ಮಕ್ಕಳು ಹಿಡಿಯುವ ಮೊಬೈಲ್ ಆದರೆ ತೋರಿಸಿದ ಕೂಡಲೇ ಅಳಿಸಿ. ಸಕ್ಕರೆಯ ಹಳೆಯ ರಿಪೋರ್ಟುಗಳೂ ಜೊತೆಗಿರಲಿ.

ಇಷ್ಟೆಲ್ಲ ಬರೆದ ನಿಮ್ಮ ಪತ್ರದಲ್ಲಿ ಹೆಂಡತಿಯ ಮಾತೇ ಇಲ್ಲ. ಐದು ತಿಂಗಳಿಂದ ನೀವು ದೂರ ಮಲಗುತ್ತಿದ್ದರೆ ಅವರು ಅದಕ್ಕೆ ಏನೇನೋ ಕಾರಣ ಊಹಿಸಿಕೊಂಡಿರಬಹುದು. ಹೇಳಿಬಿಡಿ, ಹುಬ್ಬಳ್ಳಿಗೆ ಅವರನ್ನೂ ಕರೆದುಕೊಂಡು ಹೋಗಿ. ಕೊನೆಕೊಯ್ಲು ಮುಗಿಯಲಿ ಎಂದು ಕಾಯಬೇಡಿ.